ಗಟ್ಟಿ ಫೋನಿನ ಡಬ್ಬಿಯ ಮೇಲಿನ ಅಂಕಿಗಳನ್ನು ಓದುವ ಬಗೆ

ತೋಟ, ದೋಣಿ ಅಥವಾ ಕಟ್ಟಡದ ಕೆಲಸಕ್ಕೆಂದು ಗಟ್ಟಿಮುಟ್ಟಾದ ಫೋನ್ ಕೊಳ್ಳುವವರು ‘ವಾಟರ್‌ಪ್ರೂಫ್’ ಎಂಬ ಮಾತನ್ನು ನಂಬಿ ಹಣ ಕೊಡಬಾರದು; ಡಬ್ಬಿಯ ಮೇಲಿನ ಅಂಕಿಗಳನ್ನು ಓದಬೇಕು.

ಐಪಿ ಎಂಬುದು ದೂಳು, ನೀರು ಒಳನುಗ್ಗದಂತೆ ಇರುವ ರಕ್ಷಣೆಯ ಗುರುತು. ಐಪಿ 68 ಎಂದಿದ್ದರೆ ಅದನ್ನು ಅರವತ್ತೆಂಟು ಎಂದು ಓದದೆ ಆರು, ಎಂಟು ಎಂದು ಬಿಡಿಸಿ ಓದಬೇಕು. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ ಸಂಬಂಧಿಸಿದ್ದು. ದೂಳಿಗೆ 6 ಇದ್ದರೆ ಒಳಗೆ ದೂಳು ಸೇರುವುದೇ ಇಲ್ಲ.

ನೀರಿನ ಅಂಕಿಯಲ್ಲಿ ಹೆಚ್ಚಿನ ಎಚ್ಚರ ಬೇಕು. 7 ಎಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ. 8 ಎಂದರೆ ಅದಕ್ಕಿಂತ ಕಠಿಣವಾದ ಮುಳುಗು ಪರೀಕ್ಷೆ, ಆದರೆ ಆಳವನ್ನೂ ಅವಧಿಯನ್ನೂ ನಿಗದಿಪಡಿಸುವವರು ತಯಾರಕರೇ. ಹಾಗಾಗಿ ಐಪಿ 68 ಎಂದೇ ಬರೆದಿರುವ ಎರಡು ಫೋನುಗಳಲ್ಲಿ ಒಂದಕ್ಕೆ ಒಂದೂವರೆ ಮೀಟರ್, ಇನ್ನೊಂದಕ್ಕೆ ಆರು ಮೀಟರ್ ಮಿತಿ ಇರಬಹುದು. ಮುಳುಗಿದರೂ ಕೆಡದ ಫೋನು ರಭಸದ ನೀರನ್ನೂ ತಡೆಯುತ್ತದೆ ಎಂದುಕೊಳ್ಳುವುದು ತಪ್ಪು. ನಿಮಿಷಕ್ಕೆ 100 ಲೀಟರ್‌ನಂತೆ ಚಿಮ್ಮುವ ನೀರಿನ ಪರೀಕ್ಷೆಗೆ 6 ಎಂಬ ಬೇರೆ ಅಂಕಿಯಿದೆ, 80 ಡಿಗ್ರಿ ಬಿಸಿನೀರನ್ನು ಭಾರೀ ಒತ್ತಡದಲ್ಲಿ ಹತ್ತಿರದಿಂದ ಹಾಯಿಸುವ ಪರೀಕ್ಷೆಗೆ 9 ಇದೆ. ಕೆಸರಾದ ಫೋನನ್ನು ಪಂಪಿನ ಪೈಪಿನಿಂದ ತೊಳೆಯುವವರು ಐಪಿ 66/68 ಅಥವಾ 68/69 ಎಂಬ ಜೋಡಿ ಗುರುತನ್ನೇ ಹುಡುಕಬೇಕು.

ಇವೆಲ್ಲ ಹೊಸ ಫೋನನ್ನು ಸಿಹಿನೀರಿನಲ್ಲಿ ಪರೀಕ್ಷಿಸಿದ ಫಲಿತಾಂಶಗಳು. ಸಮುದ್ರದ ಉಪ್ಪುನೀರಾಗಲಿ ಸೋಪಿನ ನೀರಾಗಲಿ ಈ ಲೆಕ್ಕದಲ್ಲಿಲ್ಲ. ಉಪ್ಪುನೀರು ತಗುಲಿದರೆ ಕೂಡಲೇ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು, ಚಾರ್ಜಿಂಗ್ ತೂತು ಪೂರ್ತಿ ಒಣಗುವವರೆಗೆ ಚಾರ್ಜರ್ ಚುಚ್ಚದಿರಬೇಕು.

ಡಬ್ಬಿಯ ಮೇಲೆ ಕಾಣುವ ಇನ್ನೊಂದು ಗುರುತು, ‘ಮಿಲ್-ಎಸ್‌ಟಿಡಿ-810’ ಎಂಬುದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಸಂಗ್ರಹ. ಸೇನೆ ಫೋನಿಗೆ ಒತ್ತಿಕೊಟ್ಟ ಮುದ್ರೆಯಲ್ಲ. ಅದರಲ್ಲಿರುವ ಹಲವು ಪರೀಕ್ಷೆಗಳಲ್ಲಿ ಯಾವುದನ್ನು ಮಾಡಬೇಕೆಂದು ಕಂಪನಿಯೇ ಆರಿಸಿಕೊಳ್ಳುತ್ತದೆ. 2008ರ ‘ಜಿ’ ಆವೃತ್ತಿಯ ಬೀಳಿಸುವ ಪರೀಕ್ಷೆಯಲ್ಲಿ ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ ಎಂದು ಒಟ್ಟು 26 ಸಲ, 122 ಸೆಂಟಿಮೀಟರ್ ಎತ್ತರದಿಂದ ಕೆಡವುತ್ತಾರೆ. ಆದರೆ ಕಾಂಕ್ರೀಟಿನ ಮೇಲೆ ಪ್ಲೈವುಡ್ ಹಾಸಿರುತ್ತದೆ, ಮತ್ತು ಈ 26 ಪೆಟ್ಟುಗಳನ್ನು ಐದು ಫೋನುಗಳಿಗೆ ಹಂಚಲು ಅವಕಾಶವಿದೆ. ಗ್ರಾನೈಟ್ ನೆಲಕ್ಕೆ ಬೀಳುವ ನಮ್ಮ ಒಂದೇ ಫೋನಿಗೆ ಆ ರಿಯಾಯಿತಿ ಇಲ್ಲ. ‘ಮಿಲಿಟರಿ ಗ್ರೇಡ್’ ಎಂದಷ್ಟೇ ಬರೆದು, ಯಾವ ಪರೀಕ್ಷೆ, ಎಷ್ಟು ಎತ್ತರ ಎಂದು ಹೇಳದ ಫೋನನ್ನು ನಾನಂತೂ ಯಾರಿಗೂ ಸೂಚಿಸುವುದಿಲ್ಲ.

ಕೊಂಡ ಮೇಲೆ ಸಿಮ್ ಟ್ರೇಯನ್ನು ಹೊರಗೆಳೆದು ಬೆಳಕಿಗೆ ಹಿಡಿಯಿರಿ. ಅಂಚಿನಲ್ಲಿ ದಾರದಷ್ಟು ತೆಳುವಾದ ರಬ್ಬರ್ ಸುತ್ತು ಕಾಣುತ್ತದೆ. ಅದರ ಮೇಲೆ ಒಂದು ಕೂದಲೆಳೆ ಅಥವಾ ಮರಳಿನ ಕಣ ಕುಳಿತರೂ ನೀರಿಗೆ ದಾರಿಯಾದೀತು. ಸಿಮ್ ಬದಲಿಸುವಾಗಲೆಲ್ಲ ಮೆತ್ತನೆಯ ಒಣಬಟ್ಟೆಯಿಂದ ಒರೆಸಿ ಹಾಕಬೇಕು. ಡಿಸ್‌ಪ್ಲೇ ಬದಲಿಸಿದ ಫೋನಿನಲ್ಲಿ ಅಂಚಿನ ಅಂಟು ಮೊದಲಿನಂತಿರುತ್ತದೆಂಬ ಭರವಸೆಯಿಲ್ಲ, ಆದ್ದರಿಂದ ರಿಪೇರಿಯಾದ ಫೋನನ್ನು ನೀರಿನಿಂದ ದೂರವಿಡುವುದೇ ಸರಿ. ನೀರಿನಿಂದಾದ ಹಾನಿಗೆ ವಾರಂಟಿ ಅನ್ವಯಿಸುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ವಾರಂಟಿ ಕಾರ್ಡಿನಲ್ಲಿ ಓದಿಕೊಳ್ಳಿ. ಐಪಿ 68 ಫೋನುಗಳಲ್ಲೂ ಬಹುತೇಕ ಅದನ್ನು ಹೊರಗಿಟ್ಟಿರುತ್ತಾರೆ.