ಎರಡು ವ್ಯಾಟ್ ಸಾಕಾಯ್ತು

ಸಕಲೇಶಪುರದಲ್ಲಿ ನಮ್ಮದು ಹೆಂಚಿನ ಮನೆ. ಹಾಲಿನಲ್ಲಿ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆ ಇವೆ. ಒಂದೊಂದರಲ್ಲೂ 12 ಇಂಚಿನ ಒಂದು ಫುಲ್‌ರೇಂಜ್ ಡ್ರೈವರ್ (ತಗ್ಗಿನ ಸ್ವರ, ಮೇಲಿನ ಸ್ವರ ಎಲ್ಲ ಒಂದರಿಂದಲೇ ಬರುವ ಸ್ಪೀಕರ್), ಸೆನ್ಸಿಟಿವಿಟಿ 97 ಡೆಸಿಬಲ್. 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಅಷ್ಟು ಸದ್ದು. ಪೆಟ್ಟಿಗೆ ಮಾಡಿದ್ದು ನಮ್ಮೂರಿನ ಆಚಾರ್ರು. "ಇದೇನ್ ಸಾರ್, ಬೀರು ಥರ ಇದೆ" ಅಂತ ನಗಾಡಿಕೊಂಡೇ ಮಾಡಿಕೊಟ್ಟರು.

ಇದಕ್ಕೆ ವಾಲ್ವ್ ಆಂಪ್ಲಿಫೈಯರ್, ಅಂದ್ರೆ ಹಳೇ ರೇಡಿಯೋದಲ್ಲಿದ್ದಂಥ ಗಾಜಿನ ವಾಲ್ವಿನಿಂದ ನಡೆಯುವ ಆಂಪ್, ಹುಡುಕಿಕೊಂಡು ಹೊರಟೆ. ಎಲ್ಲಿ ಕೇಳಿದರೂ ವ್ಯಾಟಿನದೇ ಮಾತು. "12 ಇಂಚಾ? ಕಮ್ಮಿ ಅಂದ್ರೂ 50 ವ್ಯಾಟ್ ತಗೊಳ್ಳಿ." ಗೆಳೆಯನ ಹತ್ರ ಇಎಲ್34 ವಾಲ್ವಿನ ಪುಶ್‌ಪುಲ್ ಆಂಪ್ (ಒಂದು ಸ್ಪೀಕರಿಗೆ ಜೋಡಿ ವಾಲ್ವ್ ಇರುವುದು) ಇತ್ತು, 35 ವ್ಯಾಟಿನದು. ಒಂದು ವಾರ ತಂದಿಟ್ಟುಕೊಂಡೆ. ವಾಲ್ಯೂಮ್ ಗುಂಡಿ ಸ್ವಲ್ಪ ಅಲ್ಲಾಡಿದರೆ ಸಾಕು, ಅಡುಗೆಮನೆಯಿಂದ "ಏನ್ರೀ, ಜಾತ್ರೆನಾ?" ಅಂತ ಕೂಗು. ಹಾಡು ನಿಲ್ಲಿಸಿದರೆ ಸ್ಪೀಕರಿನಿಂದ ಸುಯ್ ಅನ್ನೋ ಸದ್ದು. ಅದೇ ಆಂಪ್ ಗೆಳೆಯನ ಮನೆಯಲ್ಲಿ ಮೌನವಾಗಿತ್ತು!

ಊಹೆ ಬಿಟ್ಟು ಅಳೆದೇ ನೋಡೋಣ ಅನ್ನಿಸಿತು. ನಾನು ಜಾಸ್ತಿ ಅಂದ್ರೆ ಎಷ್ಟು ಜೋರಾಗಿ ಕೇಳ್ತೀನೋ ಅಷ್ಟಕ್ಕೆ ವಾಲ್ಯೂಮ್ ಇಟ್ಟೆ. ಗುಂಡಿ ಮುಟ್ಟದೆ, ಹಾಡಿನ ಬದಲು 100 ಹರ್ಟ್ಸಿನ ಟೆಸ್ಟ್ ಟೋನ್ ಹಾಕಿದೆ. ರೆಕಾರ್ಡಿಂಗಿನಲ್ಲಿ ಹಿಡಿಸುವ ಪೂರ್ತಿ ಮಟ್ಟದ್ದಲ್ಲ, ಅದಕ್ಕಿಂತ 20 ಡೆಸಿಬಲ್ ಕೆಳಗಿನದು. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು ಸ್ಪೀಕರ್ ಟರ್ಮಿನಲ್ಲಿಗೆ ಹಿಡಿದೆ. 0.4 ವೋಲ್ಟ್ ಬಂತು. 20 ಡೆಸಿಬಲ್ ಅಂದರೆ ವೋಲ್ಟೇಜಿನಲ್ಲಿ ಹತ್ತು ಪಟ್ಟು. ಹಾಗಾಗಿ ರೆಕಾರ್ಡಿಂಗಿನ ತುತ್ತತುದಿಯಲ್ಲೂ ಬೇಕಾಗೋದು 4 ವೋಲ್ಟ್. ನಾಲ್ಕ್ ನಾಲ್ಕ್ಲ ಹದಿನಾರು, ಅದನ್ನು ಸ್ಪೀಕರಿನ ತಡೆ 8 ಓಮಿನಿಂದ ಭಾಗಿಸಿದರೆ 2 ವ್ಯಾಟ್. ಎರಡೇ!

ಗೆಳೆಯನ ಸ್ಪೀಕರ್ 86 ಡೆಸಿಬಲಿನದು. 11 ಡೆಸಿಬಲ್ ವ್ಯತ್ಯಾಸ ಅಂದ್ರೆ ಹನ್ನೆರಡೂವರೆ ಪಟ್ಟು ಪವರ್. ಇಷ್ಟೇ ಸದ್ದಿಗೆ ಅವನಿಗೆ 25 ವ್ಯಾಟ್ ಬೇಕು. ಅವನಿಗೆ ಆ ಆಂಪ್ ಸರಿ, ನನಗೆ ದಂಡ.

ಅಲ್ಲಿಗೆ ಆಯ್ಕೆ ಸಣ್ಣದಾಯಿತು. ಒಂದು ಚಾನೆಲ್ಲಿಗೆ, ಅಂದ್ರೆ ಒಂದು ಸ್ಪೀಕರಿಗೆ, ಒಂದೇ ಪವರ್ ವಾಲ್ವ್ ಇರುವ ಸಿಂಗಲ್ ಎಂಡೆಡ್ ಸಾಕು. 2ಎ3 ವಾಲ್ವ್ ಹಾಕಿದರೆ ಮೂರೂವರೆ ವ್ಯಾಟ್, ಇಎಲ್84 ಆದರೆ ಐದರ ಹತ್ತಿರ, 300ಬಿ ಆದರೆ ಎಂಟು. ಮನಸ್ಸು ಇದ್ದದ್ದು 300ಬಿ ಮೇಲೆ. ವೆಸ್ಟರ್ನ್ ಎಲೆಕ್ಟ್ರಿಕ್ 1938ರಲ್ಲಿ ತಂದ ವಾಲ್ವ್, ಟಾಕೀಸುಗಳ ಆಂಪ್ಲಿಫೈಯರಿನಲ್ಲಿ ಹೆಸರು ಮಾಡಿದ್ದು. ಪರಿಚಯದವರೊಬ್ಬರು ತಮ್ಮದನ್ನು ಕಾರಿನಲ್ಲಿ ಹಾಕಿಕೊಂಡೇ ಬಂದರು. ನಮ್ಮ ಹಾಸನ ಜಿಲ್ಲೆಯವರೇ ಆದ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದೆವು. ಮೀಟಿದ ತಂತಿ ಕಣ್ಣೆದುರಿಗೇ ಇದ್ದ ಹಾಗಿತ್ತು. ಆದರೆ ಮೃದಂಗದ ಎಡಗಡೆ ಬಾರಿಸಿದಾಗ 'ಗುಂ' ಅಂತ ನಿಲ್ಲಬೇಕಾದ್ದು 'ಗೂಂಂ' ಅಂತ ಎಳೀತಿತ್ತು.

ಕಾರಣ ಔಟ್‌ಪುಟ್ ಇಂಪಿಡೆನ್ಸ್, ಅಂದ್ರೆ ಆಂಪಿನ ಒಳಗಿನ ತಡೆ. ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಸ್ವಲ್ಪ ಭಾಗ ವಾಪಸ್ ಕೊಟ್ಟು ತಪ್ಪು ತಿದ್ದುವುದು) ಇಲ್ಲದ ಆ ಆಂಪಿನದು ಸುಮಾರು 3 ಓಮ್. ನನ್ನ ಸ್ಪೀಕರ್ ಹೆಸರಿಗೆ 8 ಓಮ್, ರೆಸೊನೆನ್ಸ್ ಬಂದಲ್ಲಿ, ಅಂದ್ರೆ ಸ್ಪೀಕರ್ ತಾನಾಗಿಯೇ ಕುಣಿಯಲು ನೋಡುವ ತಗ್ಗಿನ ಸ್ವರದಲ್ಲಿ, 40 ದಾಟುತ್ತದೆ. ಆ ಜಾಗದಲ್ಲಿ ಆಂಪ್ ತಾನಾಗಿಯೇ ಜಾಸ್ತಿ ವೋಲ್ಟೇಜ್ ಕೊಡುತ್ತದೆ, ಲೆಕ್ಕ ಹಾಕಿದರೆ 2 ಡೆಸಿಬಲ್ ಉಬ್ಬು. ಸ್ಪೀಕರಿನ ಅಲುಗಾಡುವ ಕೋನ್ ಹಿಡಿದು ನಿಲ್ಲಿಸುವ ಬಿಗಿಯೂ ಕಮ್ಮಿ. ಕೆಲವರಿಗೆ ಆ ಉಬ್ಬು ಇಷ್ಟ. ನನಗೆ ಆಗಲಿಲ್ಲ, ಬೆಲೆಯಂತೂ ಕೇಳಲೇಬೇಡಿ.

ಕೊನೆಗೆ ಇಎಲ್84 ತಗೊಂಡೆ. ಸ್ವಲ್ಪ ಫೀಡ್‌ಬ್ಯಾಕ್ ಇರುವುದು, ಔಟ್‌ಪುಟ್ ಇಂಪಿಡೆನ್ಸ್ ಒಂದು ಓಮಿನ ಆಸುಪಾಸು. ಮೃದಂಗ ಸರಿಹೋಯಿತು. ಆದರೆ ಹಮ್! ರಾತ್ರಿ ಮನೆ ನಿಶ್ಶಬ್ದ ಆದಮೇಲೆ ಸೋಫಾದವರೆಗೂ ಗುಂಯ್ ಅಂತ ಕೇಳಿಸೋದು. ಸ್ಪೀಕರ್ ತುದಿಯಲ್ಲಿ ಅಳೆದರೆ 6 ಮಿಲಿವೋಲ್ಟ್. 86 ಡೆಸಿಬಲಿನ ಸ್ಪೀಕರಿನಲ್ಲಿ ಇದು ಗೊತ್ತೇ ಆಗ್ತಿರಲಿಲ್ಲ. ನಮ್ಮಂಥ ಸ್ಪೀಕರ್ ಇಟ್ಟುಕೊಂಡವರು ವ್ಯಾಟ್ ಕೇಳೋ ಮೊದಲು ಇದನ್ನೇ ಕೇಳಬೇಕಿತ್ತು, ನಾನು ಕೇಳಲಿಲ್ಲ. ಟೋನ್ ಹಾಕಿ ಹೋಲಿಸಿ ನೋಡಿದೆ. ಕರೆಂಟಿನ 50 ಹರ್ಟ್ಸ್ ಅಲ್ಲ, ಅದರ ಎರಡರಷ್ಟು, 100. ಅಂದ್ರೆ ಅರ್ತಿಂಗ್ ದೋಷ ಅಲ್ಲ, ಎಸಿಯನ್ನು ಡಿಸಿ ಮಾಡಿದ ಮೇಲೂ ಪವರ್ ಸಪ್ಲೈನಲ್ಲಿ ಉಳಿಯುವ ಅಲೆ. ಪುಶ್‌ಪುಲ್ಲಿನಲ್ಲಿ ಎರಡು ವಾಲ್ವ್ ಸೇರಿ ಅದನ್ನು ಬಹುಪಾಲು ಹೊಡೆದುಹಾಕುತ್ತವೆ, ಸಿಂಗಲ್ ಎಂಡೆಡ್‌ಗೆ ಆ ಅನುಕೂಲ ಇಲ್ಲ. ಆ ಅಲೆ ತಗ್ಗಿಸಲು ಒಂದು ಚೋಕ್ (ತಂತಿ ಸುರುಳಿ) ಮತ್ತು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ. 1 ಮಿಲಿವೋಲ್ಟಿಗೆ ಇಳಿಯಿತು. ಈಗ ಕೋನಿಗೆ ಕಿವಿ ಹಚ್ಚಿದರೆ ಮಾತ್ರ ಉಂಟು. ಒಳಗೆ 300 ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತೆ. ಮೀಟರಿನಲ್ಲಿ ಸೊನ್ನೆ ನೋಡದೆ ನಾನು ಕೈ ಹಾಕಲ್ಲ.

ನಮ್ಮ ಕಡೆ ಕರೆಂಟಿನ ಕಥೆ ಬೇರೆ. ರಾತ್ರಿ ಪಂಪ್‌ಸೆಟ್ಟುಗಳೆಲ್ಲ ನಿಂತ ಮೇಲೆ ನಮ್ಮ ಮನೆಯಲ್ಲಿ 250 ವೋಲ್ಟ್ ನೋಡಿದ್ದೇನೆ. ಆಗ ವಾಲ್ವನ್ನು ಒಳಗಿಂದ ಕಾಯಿಸುವ 6.3 ವೋಲ್ಟಿನ ಹೀಟರಿಗೆ 6.8 ಹೋಗುತ್ತದೆ, ವಾಲ್ವಿನ ಆಯಸ್ಸು ಕಮ್ಮಿ ಆಗುತ್ತೆ. ಅದಕ್ಕೆ ಒಂದು ಸ್ಟೆಬಿಲೈಸರ್ ಇಟ್ಟೆ. ಕರೆಂಟ್ ಹೋದರೆ ಹಾಡು ಬಂದ್. ನಮ್ಮ ಹಳೇ ಇನ್ವರ್ಟರಿನಲ್ಲಿ ಹಾಕಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಸದ್ದು.

ಹೋದ ತಿಂಗಳು ಇನ್ನೊಂದು ಆಯಿತು. ಹಾಡು ಹೋಗ್ತಿರುವಾಗ ಒಂದು ಸ್ಪೀಕರ್ ನಿಂತಿತು. ಹತ್ತಿರ ಹೋದರೆ ಆಂಪಿನಲ್ಲಿ ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸಣ್ಣ ದನಿಯಲ್ಲಿ ಹಾಡ್ತಿದೆ! ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿ ತಂತಿ ಕಳಚಿತ್ತು. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಓಡಿಸಿದರೆ ಆ ಟ್ರಾನ್ಸ್‌ಫಾರ್ಮರ್ ಸುಟ್ಟೇಹೋಗಬಹುದು. ತಕ್ಷಣ ಆಫ್ ಮಾಡಿದೆ, ಬಚಾವ್. ಈಗ ತುದಿಗೆ ಬನಾನಾ ಪ್ಲಗ್ ಹಾಕಿ, ತಂತಿಯನ್ನು ಗೋಡೆಗೆ ಕ್ಲಿಪ್ ಹೊಡೆದಿದ್ದೇನೆ. ಆದರೂ ಪೊರಕೆ ಹಾಲಿಗೆ ಬಂದರೆ ನಾನೇ ಎದ್ದು ಹೋಗಿ ಸ್ವಿಚ್ ಆರಿಸುತ್ತೇನೆ.