ಸೈಕಲ್ ಆಮೇಲೆ ಕೊಳ್ಳಿ, ಮೊದಲು ನೀರಿಗಿಳಿಯಿರಿ: ಮೊದಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ತಯಾರಿ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಟ್ರಯಥ್ಲಾನ್ ಮಾಡಬೇಕು ಅಂತ ಆಸೆ ಹುಟ್ಟಿದ ವಾರವೇ ಬಹಳ ಜನ ಸೈಕಲ್ ಅಂಗಡಿಗೆ ಓಡುತ್ತಾರೆ. ಕಾರ್ಬನ್ ಫ್ರೇಮು, ತೆಳ್ಳನೆ ಟೈರು, ಪೆಡಲಿಗೆ ಕಚ್ಚಿಕೊಳ್ಳುವ ಶೂ, ಕೊನೆಗೆ ಲಕ್ಷದ ಬಿಲ್ಲು. ನನ್ನ ಮಾತು ಕೇಳುವುದಾದರೆ ಆ ಕಡೆ ಸದ್ಯ ಹೋಗಬೇಡಿ. ಹತ್ತಿರದ ಈಜುಕೊಳದಲ್ಲಿ ಬೆಳಗಿನ ಬ್ಯಾಚಿಗೆ ಹೆಸರು ಬರೆಸಿ. ನಾನು ನಲವತ್ತು ದಾಟಿದ ಮೇಲೆ ಈ ಹುಚ್ಚಿಗೆ ಬಿದ್ದವನು. ಪದಕದ ವೇದಿಕೆ ಹತ್ತಿರ ಎಂದೂ ಸುಳಿದಿಲ್ಲ. ಆದರೆ ನನ್ನಂಥವರು ರೇಸ್ ಮುಗಿಸುತ್ತಾರೋ ಇಲ್ಲವೋ ಅನ್ನುವುದು ಬಹುತೇಕ ನೀರಲ್ಲೇ ತೀರ್ಮಾನವಾಗುವುದನ್ನು ನೋಡುತ್ತಾ ಬಂದಿದ್ದೇನೆ.

ಮೊದಲು ದೂರ ಆರಿಸಿಕೊಳ್ಳಿ

ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಗೋವಾದ ಐರನ್‌ಮ್ಯಾನ್ 70.3 ಅನ್ನುವ ಉದ್ದದ ಟ್ರಯಥ್ಲಾನ್ ಮುಗಿಸಿದ್ದು ದೊಡ್ಡ ಸುದ್ದಿಯಾಯಿತು. ಆಮೇಲೆ ‘ನಾನೂ ಮಾಡ್ತೀನಿ’ ಅನ್ನುವವರು ಜಾಸ್ತಿಯಾಗಿದ್ದಾರೆ. ಆದರೆ ಅದು 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, 21.1 ಕಿಲೋಮೀಟರ್ ಓಟ. ಶುರುವಿಗೇ ಅದು ಬೇಡ. ಒಲಿಂಪಿಕ್ಸ್‌ನಲ್ಲಿ 2000ದ ಸಿಡ್ನಿ ಕೂಟದಿಂದ ಇರುವುದು 1.5 ಕಿಲೋಮೀಟರ್ ಈಜು, 40 ಸೈಕಲ್, 10 ಓಟ. ಅದರ ಸರಿ ಅರ್ಧವೇ ಸ್ಪ್ರಿಂಟ್: 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ನಿಮ್ಮ ಮೊದಲ ಗುರಿ ಇದೇ ಇರಲಿ.

ಎಷ್ಟು ಹೊತ್ತು ಬೇಕು? ಲೆಕ್ಕ ಹಾಕೋಣ. 100 ಮೀಟರ್‌ಗೆ 3 ನಿಮಿಷದಂತೆ ಈಜಿದರೆ 22 ನಿಮಿಷ ಚಿಲ್ಲರೆ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಸೈಕಲ್‌ಗೆ 48 ನಿಮಿಷ. ಕಿಲೋಮೀಟರ್‌ಗೆ 7 ನಿಮಿಷದ ಓಟಕ್ಕೆ 35. ನಡುವೆ ಶೂ, ಹೆಲ್ಮೆಟ್ ಅಂತ ಐದು ನಿಮಿಷ. ಎಲ್ಲಾ ಸೇರಿ ಎರಡು ಗಂಟೆಗೆ ಹತ್ತು ನಿಮಿಷ ಕಮ್ಮಿ. ಇದರಲ್ಲಿ ಯಾವುದೂ ಭಾರಿ ವೇಗವಲ್ಲ, ಅಲ್ವಾ? ಈಗ 100 ಮೀಟರ್ ಈಜಿ, 20 ನಿಮಿಷ ನಿಲ್ಲದೆ ನಿಧಾನವಾಗಿ ಓಡಬಲ್ಲವರಿಗೆ ಮೂರು ತಿಂಗಳ ತಯಾರಿ ಸಾಕು. ಈಜೇ ಬಾರದವರು ಆರು ತಿಂಗಳು ಇಟ್ಟುಕೊಳ್ಳಿ. ರೇಸಿಗೆ ಹೆಸರು ಕೊಡುವ ಮೊದಲು ಪ್ರತಿ ಹಂತಕ್ಕೂ ಎಷ್ಟು ಗಡುವು ಇಟ್ಟಿದ್ದಾರೆ ನೋಡಿ. ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ನಲವತ್ತು ದಾಟಿದವರು, ಬಿಪಿ ಅಥವಾ ಶುಗರ್ ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಕಂಡವರು ಮೊದಲು ಡಾಕ್ಟರ್ ಹತ್ತಿರ ಹೋಗಿ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಟ್ರಯಥ್ಲಾನ್‌ನಲ್ಲಿ ಜೀವ ಹೋದ ಪ್ರಕರಣಗಳಲ್ಲಿ ಹೆಚ್ಚಿನವು ಈಜುವಾಗಲೇ ಆಗಿವೆ.

ಅದಕ್ಕೇ ಈಜು ಮೊದಲು ಬರುತ್ತದೆ, ಇನ್ನೂ ಸುಸ್ತಾಗದೆ ಇರುವಾಗ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯಾಗೋದ ಮಿಷನ್ ಬೇಯಲ್ಲಿ ಈ ಆಟ ಶುರುವಾದಾಗ ಓಟ ಮೊದಲಿತ್ತು, ಈಜು ಕೊನೆಗಿತ್ತು. ಕತ್ತಲಾಗಿ, ದಡದಲ್ಲಿ ಕಾರುಗಳ ಹೆಡ್‌ಲೈಟ್ ಹಾಕಿ ಈಜುಗಾರರಿಗೆ ದಾರಿ ತೋರಿಸಬೇಕಾಯಿತು!

ನೀರಿನಲ್ಲಿ ಉಸಿರು ಬಿಡುವುದನ್ನು ಕಲಿಯಿರಿ

ನಮ್ಮಲ್ಲಿ ಎರಡು ಬಗೆಯ ಈಜುಗಾರರು ಸಿಗುತ್ತಾರೆ. ಊರಲ್ಲಿ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲಿ, ಕಾಲುವೆಯಲ್ಲಿ ಕಲಿತವರು ಒಂದು ಬಗೆ. ಇವರಿಗೆ ನೀರಿನ ಭಯ ಇಲ್ಲ, ಆದರೆ ತಲೆ ಯಾವಾಗಲೂ ಮೇಲೇ ಇರುತ್ತದೆ. ತಲೆ ಎದ್ದರೆ ಸೊಂಟ ಮತ್ತು ಕಾಲು ಕೆಳಗಿಳಿಯುತ್ತವೆ. ಆಮೇಲೆ ಇಡೀ ಮೈಯನ್ನು ಕೈಯಿಂದ ಎಳೆಯಬೇಕು. ನೂರು ಮೀಟರ್‌ಗೇ ಭುಜ ಸೋಲುತ್ತದೆ. ಕೋಚ್ ಹತ್ತಿರ ಕೊಳದಲ್ಲಿ ಕಲಿತವರದು ಉಲ್ಟಾ. ಸ್ಟೈಲ್ ಚೆನ್ನಾಗಿರುತ್ತದೆ, ಆದರೆ ತಳದ ಕಪ್ಪು ಗೆರೆ ಕಾಣದಿದ್ದರೆ ಎದೆ ಹೊಡೆದುಕೊಳ್ಳುತ್ತದೆ. ನಾನು ಎರಡನೇ ಗುಂಪಿನವನು. ಬಾವಿಯವರನ್ನು ಕಂಡರೆ ಈಗಲೂ ಹೊಟ್ಟೆಕಿಚ್ಚು.

ಇಬ್ಬರೂ ಶುರು ಮಾಡಬೇಕಾದ್ದು ಮಾತ್ರ ಒಂದೇ ಕಡೆ. ಮುಖ ನೀರಿನಲ್ಲಿದ್ದಾಗ ಮೂಗು, ಬಾಯಿಯಿಂದ ಗುಳ್ಳೆ ಬಿಡುತ್ತಲೇ ಇರಬೇಕು. ಹೊಸಬರು ಉಸಿರು ಬಿಗಿಹಿಡಿದು, ತಲೆ ತಿರುಗಿಸಿದಾಗ ಬಿಡುವುದು, ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಲು ಹೋಗುತ್ತಾರೆ. ಅಷ್ಟು ಸಮಯ ಅಲ್ಲಿ ಸಿಗುವುದಿಲ್ಲ. ಉಸಿರು ಕಟ್ಟಿದಂತಾಗುವುದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿಯುವುದರಿಂದ. ಪೂರ್ತಿ ಬಿಟ್ಟರೆ ಗಾಳಿ ತಾನೇ ಒಳಗೆ ಬರುತ್ತದೆ. ಮೊದಲ ವಾರ ಬರೀ ಇದನ್ನೇ ಮಾಡಿದರೂ ನಷ್ಟವಿಲ್ಲ.

ಆಮೇಲೆ ದೂರ. 50 ಮೀಟರ್ ಈಜಿ, 30 ಸೆಕೆಂಡ್ ಗೋಡೆ ಹಿಡಿದು ನಿಲ್ಲಿ. ಹೀಗೆ ಎಂಟು ಸಲ. ಎರಡು ವಾರದ ನಂತರ 100 ಮೀಟರ್‌ನಂತೆ ಐದು ಸಲ. ಮತ್ತೆರಡು ವಾರ ಬಿಟ್ಟು 200 ಮೀಟರ್‌ನಂತೆ ಮೂರು ಸಲ. ಏಳೆಂಟನೇ ವಾರಕ್ಕೆ 750 ಮೀಟರ್ ನಿಲ್ಲದೆ ಆಗಬೇಕು. ರೇಸಿಗೆ ಮುಂಚೆ ಒಮ್ಮೆಯಾದರೂ ಸಾವಿರ ಮೀಟರ್ ಈಜಿಬಿಡಿ. ಅದು ಮನಸ್ಸಿಗೆ ಕೊಡುವ ಧೈರ್ಯವೇ ಬೇರೆ. ಕಾಲನ್ನು ಜೋರಾಗಿ ಬಡಿಯಬೇಡಿ, ಮುಂದೆ ಇನ್ನೂ ಎರಡು ಕೆಲಸ ಅದೇ ಕಾಲಿನದು.

ಅಪಾರ್ಟ್‌ಮೆಂಟಿನ ಪುಟ್ಟ ಕೊಳ ಇದಕ್ಕೆ ಸಾಲದು. ನಾಲ್ಕು ಸಲ ಕೈ ಬೀಸುವಷ್ಟರಲ್ಲಿ ಗೋಡೆ ಬರುತ್ತದೆ. ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ 50 ಮೀಟರ್ ಕೊಳ ಸಿಕ್ಕರೆ ಹದಿನೈದು ಉದ್ದಕ್ಕೆ ರೇಸಿನ ದೂರ ಮುಗಿಯಿತು. 25 ಮೀಟರ್ ಆದರೆ ಮೂವತ್ತು.

ಇನ್ನು ಕೆರೆ, ಸಮುದ್ರ. ಬೆಂಗಳೂರಿನ ಕೆರೆಗಳಿಗೆ ಇಳಿಯುವ ಮಾತೇ ಬೇಡ, ಬಹುಪಾಲು ಕೆರೆಗಳಿಗೆ ಕೊಳಚೆ ನೀರು ಸೇರಿದೆ. ಕರಾವಳಿಯವರು ಮಳೆಗಾಲದಲ್ಲಿ ಸಮುದ್ರ ಬಿಟ್ಟುಬಿಡಿ. ಉಳಿದ ತಿಂಗಳಲ್ಲೂ ಆ ನೀರು ಗೊತ್ತಿರುವವರ ಜೊತೆಯಲ್ಲೇ ಇಳಿಯಿರಿ. ಸೊಂಟಕ್ಕೆ ಕಟ್ಟುವ ಕಿತ್ತಳೆ ಬಣ್ಣದ ಗಾಳಿಚೀಲ ಇರಲಿ. ಕೊಳದಲ್ಲೇ ಕಲಿಯಬಹುದಾದದ್ದೂ ಇದೆ. ಆರೆಂಟು ಸಲ ಕೈ ಬೀಸಿದ ಮೇಲೆ ಒಮ್ಮೆ ಕಣ್ಣಷ್ಟೇ ನೀರಿನ ಮೇಲೆ ತಂದು, ಮೊಸಳೆಯ ಹಾಗೆ, ಮುಂದೆ ನೋಡುವುದು. ರೇಸಿನಲ್ಲಿ ದಾರಿ ತೋರಿಸುವುದು ದೂರದಲ್ಲಿ ತೇಲುವ ದೊಡ್ಡ ಬಣ್ಣದ ಬುರುಡೆಗಳು. ನೋಡದೆ ಈಜಿದರೆ 750 ಮೀಟರ್ ಸುಮ್ನೆ 900 ಆಗುತ್ತದೆ.

ಮೈ ಬೆಚ್ಚಗಿಡುವ ರಬ್ಬರಿನಂಥ ಈಜುಡುಗೆ, ಅಂದರೆ ವೆಟ್‌ಸೂಟ್, ಕೊಳ್ಳಬೇಕಾ? ಬೇಡ. ಈ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ಟ್ರಯಥ್ಲಾನ್‌ನ ನಿಯಮದ ಪ್ರಕಾರ ಇಷ್ಟು ದೂರದ ಈಜಿಗೆ ನೀರು 22 ಡಿಗ್ರಿ ಮುಟ್ಟಿದರೆ ನಮ್ಮಂಥ ಹವ್ಯಾಸಿಗಳು ಅದನ್ನು ಹಾಕುವ ಹಾಗಿಲ್ಲ. ನಮ್ಮ ಕಡೆಯ ನೀರು ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತದೆ.

ಇರುವ ಸೈಕಲ್ ಹತ್ತಿ

ಬ್ರೇಕ್ ಸರಿಯಿರುವ ಗೇರ್ ಸೈಕಲ್ ಇದ್ದರೆ ಸಾಕು. ನಾನು ಮೊದಲು ಓಡಿಸಿದ್ದು ಮಡ್‌ಗಾರ್ಡ್ ಬಿಚ್ಚಿದ ಹೈಬ್ರಿಡ್ ಸೈಕಲ್ಲನ್ನೇ. ದುಡ್ಡಿಗೆ ಮುಂಚೆ ಸೀಟಿನ ಎತ್ತರ ನೋಡಿ. ಪೆಡಲ್ ತಳದಲ್ಲಿದ್ದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ನಮ್ಮ ಊರುಗಳಲ್ಲಿ ಅರ್ಧ ಜನ ಸೀಟು ತಗ್ಗಿಸಿಕೊಂಡೇ ಓಡಿಸುತ್ತಾರೆ, ಆಮೇಲೆ ಮಂಡಿನೋವು ಅನ್ನುತ್ತಾರೆ. ಹಗುರ ಗೇರಿನಲ್ಲಿ ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತುಳಿಯುವುದನ್ನು ರೂಢಿ ಮಾಡಿ. ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿದರೆ ಓಟಕ್ಕೆ ತೊಡೆ ಉಳಿಯುವುದಿಲ್ಲ.

ಬೆಂಗಳೂರಿನವರು ನಂದಿಬೆಟ್ಟ, ಮೈಸೂರಿನವರು ಚಾಮುಂಡಿಬೆಟ್ಟ ಹತ್ತುತ್ತಾರೆ. ಹತ್ತಿ, ಖುಷಿಯಾಗುತ್ತದೆ. ಆದರೆ ಸ್ಪ್ರಿಂಟ್‌ಗೆ ಬೇಕಾದ್ದು ಸಮತಟ್ಟು ದಾರಿಯಲ್ಲಿ ಮುಕ್ಕಾಲು ಗಂಟೆ ಒಂದೇ ಹದದಲ್ಲಿ ತುಳಿಯುವುದು. ಭಾನುವಾರ ಬೆಳಗ್ಗೆ ಆರಕ್ಕೆ ಮುಂಚೆ ಹೊರಟರೆ ಹೆಸರಘಟ್ಟದ ಕಡೆ ಇದು ಸಾಧ್ಯ. ಒಬ್ಬರೇ ಹೋಗಬೇಡಿ, ಹಿಂದೆ ಕೆಂಪು ದೀಪ ಇರಲಿ. ಪಂಕ್ಚರ್ ಆದರೆ ಟ್ಯೂಬ್ ಬದಲಿಸುವುದು ಕಲಿಯಿರಿ. ರೇಸಿನಲ್ಲಿ ಗೆಳೆಯರು ಬಂದು ಸಹಾಯ ಮಾಡುವ ಹಾಗಿಲ್ಲ.

ಸೈಕಲ್ ಇಳಿದ ಕೂಡಲೇ ಓಡಿ

ಓಟದ ಬಗ್ಗೆ ಹೇಳುವುದು ಕಡಿಮೆ. ವಾರಕ್ಕೆ ಎರಡು ಸಲ, ಮಾತಾಡಿಕೊಂಡು ಓಡುವ ವೇಗದಲ್ಲಿ, ನಾಲ್ಕರಿಂದ ಆರು ಕಿಲೋಮೀಟರ್. ಇದರ ಮೇಲೆ ಒಂದು ಅಭ್ಯಾಸ ಮಾತ್ರ ತಪ್ಪಿಸಬೇಡಿ. ವಾರಕ್ಕೊಮ್ಮೆ ಸೈಕಲ್ ಇಳಿದು, ಐದು ನಿಮಿಷವೂ ಕೂರದೆ, ಓಟಕ್ಕೆ ಬಿಡಿ. ಮೊದಲ ಸಲ ಕಾಲು ನಿಮ್ಮದಲ್ಲ ಅನ್ನಿಸುತ್ತದೆ. ಅಷ್ಟು ಹೊತ್ತು ಬಾಗಿ ಕೂತು ಗುಂಡಗೆ ತುಳಿದ ಸ್ನಾಯುಗಳಿಗೆ ತಟ್ಟನೆ ಮೈಭಾರ ಹೊತ್ತು ನೆಟ್ಟಗೆ ಓಡು ಅಂದರೆ ಹೇಗೆ? ಒಂದು ಕಿಲೋಮೀಟರ್ ಕಳೆಯುವಷ್ಟರಲ್ಲಿ ಸರಿಹೋಗುತ್ತದೆ. ಹಾಗೆ ಸರಿಹೋಗುತ್ತದೆ ಅಂತ ಗೊತ್ತಾಗುವುದೇ ಈ ಅಭ್ಯಾಸದ ಲಾಭ. ಶುರುವಿಗೆ 10 ಕಿಲೋಮೀಟರ್ ಸೈಕಲ್, ಒಂದು ಕಿಲೋಮೀಟರ್ ಓಟ ಸಾಕು. ಕೊನೆಗೆ 20 ಮತ್ತು 3ಕ್ಕೆ ತನ್ನಿ.

ಒಟ್ಟಿನಲ್ಲಿ ವಾರಕ್ಕೆ ಮೂರು ಈಜು, ಎರಡು ಸೈಕಲ್, ಎರಡು ಓಟ. ಸೈಕಲ್–ಓಟದ ಜೋಡಿಯಲ್ಲಿ ಸೈಕಲ್ ಇದರೊಳಗೇ ಬರುತ್ತದೆ, ಅದರ ಹಿಂದಿನ ಪುಟ್ಟ ಓಟ ಮಾತ್ರ ಹೆಚ್ಚುವರಿ. ಒಂದು ದಿನ ಪೂರ್ತಿ ರಜೆ. ಆಫೀಸು, ಮಕ್ಕಳ ಪರೀಕ್ಷೆ, ಮದುವೆ ಮನೆ ಅಂತ ತಪ್ಪಿದರೆ ಓಟ ಬಿಡಿ, ಈಜು ಬಿಡಬೇಡಿ. ರೇಸಿನ ಹಿಂದಿನ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸಿ.

ಟ್ರಾನ್ಸಿಷನ್ ಅನ್ನೋ ಕಿರಿಕಿರಿ

ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಜಾಗ ಟ್ರಾನ್ಸಿಷನ್. ಗಡಿಯಾರ ಅಲ್ಲೂ ನಿಲ್ಲುವುದಿಲ್ಲ. ತಿಂಗಳುಗಟ್ಟಲೆ ಬೆವರು ಸುರಿಸಿ ಸೈಕಲ್‌ನಲ್ಲಿ ಒಂದು ನಿಮಿಷ ಉಳಿಸಿದವರು ಇಲ್ಲಿ ಕಾಲುಚೀಲ ಹುಡುಕುತ್ತಾ ಮೂರು ನಿಮಿಷ ಕಳೆಯುತ್ತಾರೆ. ಮನೆ ತಾರಸಿಯ ಮೇಲೆ ಅಭ್ಯಾಸ ಮಾಡಿ. ಒಂದು ಸಣ್ಣ ಟವೆಲ್ ಹಾಸಿ. ಹೆಲ್ಮೆಟ್ ಬೋರಲಾಗಿ, ಪಟ್ಟಿ ಬಿಚ್ಚಿ ಇಡಿ. ಅದರೊಳಗೆ ಕನ್ನಡಕ. ಶೂ ಬಾಯಿ ತೆರೆದಿರಲಿ, ಒಳಗೆ ಸ್ವಲ್ಪ ಪೌಡರ್ ಉದುರಿಸಿ, ಲೇಸ್ ಬದಲು ಎಲಾಸ್ಟಿಕ್ ದಾರ ಹಾಕಿ. ಈಜಿಗೆ ಹಾಕಿದ ಬಟ್ಟೆಯಲ್ಲೇ ಕೊನೆವರೆಗೂ ಇರಿ. ಮೂರಕ್ಕೂ ಆಗುವ ಒಂದೇ ಉಡುಪು, ಟ್ರೈಸೂಟ್, ಇದ್ದರೆ ಆಯಿತು, ಇಲ್ಲದಿದ್ದರೆ ಮೈಗೆ ಅಂಟುವ ಶಾರ್ಟ್ಸ್ ಮತ್ತು ಬೇಗ ಒಣಗುವ ಟಾಪ್. ಹೆಣ್ಣುಮಕ್ಕಳು ಟಾಪ್ ಹಾಕಿಕೊಂಡೇ ಕೊಳದಲ್ಲಿ ಒಮ್ಮೆ ಈಜಿ ನೋಡಿ, ನೀರು ತುಂಬಿ ಉಬ್ಬುತ್ತದೋ ಅಂತ.

ನಿಯಮಗಳಲ್ಲಿ ಒಂದನ್ನು ಬಾಯಿಪಾಠ ಮಾಡಿ. ಸೈಕಲ್ ಸ್ಟ್ಯಾಂಡಿನಿಂದ ತೆಗೆಯುವ ಮೊದಲೇ ಹೆಲ್ಮೆಟ್ ಪಟ್ಟಿ ಹಾಕಿರಬೇಕು. ವಾಪಸ್ ಬಂದು ಸೈಕಲ್ ಇಟ್ಟ ಮೇಲೆಯೇ ಬಿಚ್ಚಬೇಕು. ಟ್ರಾನ್ಸಿಷನ್ ಜಾಗದ ಹೊರಗೆ ಎಳೆದ ಗೆರೆ ದಾಟುವ ತನಕ ಸೈಕಲ್ ಹತ್ತುವಂತಿಲ್ಲ, ತಳ್ಳಿಕೊಂಡೇ ಹೋಗಬೇಕು. ರಸ್ತೆಯಲ್ಲಿ ಮುಂದಿನವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವುದೂ ನಮಗೆ ಸಾಮಾನ್ಯವಾಗಿ ನಿಷಿದ್ಧ, 10 ಮೀಟರ್ ಅಂತರ ಬೇಕು. ಒಲಿಂಪಿಕ್ಸ್‌ನಲ್ಲಿ ಗುಂಪಾಗಿ ತುಳಿಯುವುದನ್ನು ಟಿವಿಯಲ್ಲಿ ನೋಡಿ ಮೋಸ ಹೋಗಬೇಡಿ.

ರೇಸಿನ ದಿನ

ಹಿಂದಿನ ರಾತ್ರಿ ಅನ್ನ, ತಿಳಿಸಾರು. ಬೆಳಗ್ಗೆ ಎರಡು ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು. ಹೊಸ ತಿಂಡಿ, ಹೊಸ ಶೂ ಎರಡೂ ಆ ದಿನ ಬೇಡ. ಎರಡು ಗಂಟೆಯ ರೇಸಿಗೆ ದುಬಾರಿ ಜೆಲ್ ಬೇಕಿಲ್ಲ, ಸೈಕಲ್ ಬಾಟಲಿಗೆ ಓಆರ್‌ಎಸ್ ಹಾಕಿಕೊಂಡರೆ ಸಾಕು. ನೀರಿನಿಂದ ಹೊರಬರುವ ಬಾಗಿಲಿಂದ ನಿಮ್ಮ ಸೈಕಲ್ ತನಕ ಒಮ್ಮೆ ನಡೆದು ಸಾಲು ನೆನಪಿಟ್ಟುಕೊಳ್ಳಿ.

ಶುರುವಾಗುವಾಗ ಗುಂಪಿನ ಹಿಂದೆ, ಪಕ್ಕಕ್ಕೆ ನಿಲ್ಲಿ. ಮುಂದಿದ್ದರೆ ಒದೆ ಬೀಳುತ್ತದೆ, ಈಜುಕನ್ನಡಕ ಕಳಚುತ್ತದೆ. ಮೊದಲ ನೂರು ಮೀಟರ್‌ನಲ್ಲಿ ಎಲ್ಲರಿಗೂ ಏದುಸಿರು ಬರುತ್ತದೆ. ಗಾಬರಿಯಾದರೆ ಅಂಗಾತ ಮಲಗಿ ತೇಲಿ. ತೇಲುಬುರುಡೆಯನ್ನೋ ನಿಂತ ದೋಣಿಯನ್ನೋ ಹಿಡಿದು ಸುಧಾರಿಸಿಕೊಳ್ಳಬಹುದು, ಹಿಡಿದು ಮುಂದಕ್ಕೆ ಹೋಗದಿದ್ದರೆ ನಿಯಮದಲ್ಲೇ ಅವಕಾಶ ಇದೆ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಪೂರ್ತಿ ಈಜಿದರೂ ಯಾರೂ ಕೇಳುವುದಿಲ್ಲ. ನಿಜವಾಗಿ ಕಷ್ಟ ಅನ್ನಿಸಿದರೆ ಕೈ ಎತ್ತಿ, ಕಯಾಕ್‌ನವರು ಬರುತ್ತಾರೆ.

ಸೈಕಲ್‌ನ ಕೊನೆಯ ಕಿಲೋಮೀಟರ್‌ನಲ್ಲಿ ಗೇರ್ ಹಗುರ ಮಾಡಿ. ಓಟದ ಮೊದಲ ಕಿಲೋಮೀಟರ್ ಬೇಕಂತಲೇ ನಿಧಾನ ಹೋಗಿ. ನೀರಿನ ಮೇಜಿನ ಹತ್ತಿರ ನಡೆದು, ಕುಡಿದು, ಮತ್ತೆ ಓಡಿ.

ಮುಗಿದ ಮೇಲೆ ಫಲಿತಾಂಶದ ಪಟ್ಟಿಯಲ್ಲಿ ಐದು ಸಮಯ ಬಿಡಿಬಿಡಿಯಾಗಿ ಇರುತ್ತವೆ. ಒಟ್ಟು ಸಮಯಕ್ಕಿಂತ ಮೊದಲು ಎರಡು ಟ್ರಾನ್ಸಿಷನ್ ನೋಡಿ. ಮುಂದಿನ ಸಲ ಒಂದೂ ಹೆಚ್ಚು ಬೆವರಿಲ್ಲದೆ ಕಡಿಮೆ ಮಾಡಬಹುದಾದದ್ದು ಅದೇ. ಸೈಕಲ್ ಹೊರಗೆ ಬಿಡುವಾಗ ರೇಸಿಗೆ ಮುಂಚೆ ಕೈ ಮೇಲೆ ಬರೆದ ನಂಬರ್ ಕೇಳುತ್ತಾರೆ, ಉಜ್ಜಿ ಅಳಿಸಿಬಿಡಬೇಡಿ. ಸಮುದ್ರ ತೀರದ ರೇಸ್ ಆಗಿದ್ದರೆ ಅದೇ ಸಂಜೆ ಸೈಕಲ್‌ಗೆ ಸಿಹಿನೀರು ಹಾಕಿ ಒರೆಸಿ, ಚೈನಿಗೆ ಎಣ್ಣೆ ಬಿಡಿ. ನಾಳೆ ನೋಡೋಣ ಅಂದರೆ ತುಕ್ಕು ಹಿಡಿಯುತ್ತದೆ.