ಹುಲ್ಲುಹಾಸಿನ ಮೇಲೆ ಪಟ್ಟೆ ಮೂಡಿಸುವುದು ಹೇಗೆ?

ಕ್ರಿಕೆಟ್ ಮೈದಾನಗಳಲ್ಲಿ ಕಾಣುವ ತಿಳಿ ಮತ್ತು ಗಾಢ ಹಸಿರಿನ ಪಟ್ಟೆಗಳು ಎರಡು ಜಾತಿಯ ಹುಲ್ಲಿನಿಂದಾದವಲ್ಲ, ಹೆಚ್ಚು ಕಡಿಮೆ ಎತ್ತರಕ್ಕೆ ಕತ್ತರಿಸಿದ್ದರಿಂದಲೂ ಅಲ್ಲ. ಲಾನ್ ಮೋವರ್ ಎಂಬ ಪೆಟ್ರೋಲ್ ಯಂತ್ರದ ಅಲಗು ಹುಲ್ಲನ್ನು ಕತ್ತರಿಸಿದ ಬೆನ್ನಲ್ಲೇ ಹಿಂಬದಿಯ ರೋಲರ್ ಅದನ್ನು ಸಾಗುವ ದಿಕ್ಕಿಗೆ ಬಾಗಿಸುತ್ತದೆ. ನಮ್ಮಿಂದ ಆಚೆಗೆ ಬಾಗಿದ ಎಸಳು ಬೆಳಕನ್ನು ಹೆಚ್ಚು ಪ್ರತಿಫಲಿಸಿ ತಿಳಿಯಾಗಿಯೂ, ನಮ್ಮತ್ತ ಬಾಗಿದ್ದು ಗಾಢವಾಗಿಯೂ ಕಾಣುತ್ತದೆ. ಎದುರು ತುದಿಗೆ ಹೋಗಿ ನಿಂತರೆ ಅವೇ ಪಟ್ಟೆಗಳ ಬಣ್ಣ ಅದಲುಬದಲಾಗಿರುತ್ತದೆ.

ಆದ್ದರಿಂದ ಬಾಗುವಷ್ಟು ಉದ್ದದ ಹುಲ್ಲು ಇರಲೇಬೇಕು. ನಮ್ಮ ಕಡೆಯ ಕರಿಕೆ ಚಳಿಸೀಮೆಯ ಹುಲ್ಲಿನಷ್ಟು ಸುಲಭವಾಗಿ ಮಲಗುವುದಿಲ್ಲ. ಅದನ್ನು ಬೋಳಿಸಿದಂತೆ ಕತ್ತರಿಸಿದರೆ ಪಟ್ಟೆಯ ಆಸೆಯನ್ನೇ ಬಿಡಬೇಕು. 35ರಿಂದ 40 ಮಿಲಿಮೀಟರ್ ಎತ್ತರ ಉಳಿಸುವುದು ಮೇಲು. ಒಮ್ಮೆಗೆ ಹುಲ್ಲಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

ಮಣ್ಣಿನ ಹದವೂ ಮುಖ್ಯ. ಬೆಳಗಾವಿಯ ದಕ್ಷಿಣಕ್ಕೆ, ಖಾನಾಪುರದ ಕಡೆಯ ಕೆಂಪು ಮಣ್ಣು ಮಳೆ ನಿಂತ ಮೇಲೆ ಬೇಗ ನೀರಿಳಿಸಿಕೊಳ್ಳುತ್ತದೆ. ವಿಜಯಪುರ, ಬಾಗಲಕೋಟೆಗಳ ಎರೆಮಣ್ಣು ಹಾಗಲ್ಲ. ನಡೆದರೆ ಚಪ್ಪಲಿಗೆ ಮಣ್ಣು ಮೆತ್ತುವಷ್ಟು ದಿನ ಯಂತ್ರವನ್ನು ಇಳಿಸಬಾರದು, ಏಕೆಂದರೆ ರೋಲರಿನ ಭಾರಕ್ಕೆ ಹಸಿನೆಲ ಬಿಗಿದುಕೊಂಡು ಬೇರಿಗೆ ಗಾಳಿಯಾಡದಂತಾಗುತ್ತದೆ.

ಯಂತ್ರ ತಣ್ಣಗಿರುವಾಗ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಆಯಿಲ್ ಮಟ್ಟ ನೋಡಿ, ಪೆಟ್ರೋಲ್ ತುಂಬಿಸಿ. ಎಥೆನಾಲ್ ನಮ್ಮ ಸೀಮೆಯ ಕಬ್ಬಿಗೆ ಬೆಲೆ ತಂದಿರಬಹುದು, ಆದರೆ ಅದು ಬೆರೆತ ಪೆಟ್ರೋಲ್ ತೇವವನ್ನು ಹೀರಿಕೊಳ್ಳುವುದರಿಂದ ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದರೆ ಕಾರ್ಬುರೇಟರ್ ಕೆಡುತ್ತದೆ. ಹುಲ್ಲುಹಾಸಿನ ಮೇಲಿನ ಕಲ್ಲು, ಕಡ್ಡಿಗಳನ್ನು ಆರಿಸಿ ತೆಗೆಯಿರಿ.

ಮೊದಲು ಅಂಚಿನ ಸುತ್ತ ಎರಡು ಸುತ್ತು ಕತ್ತರಿಸಿ. ತಿರುಗಲು ಬೇಕಾದ ಜಾಗ ಅದೇ. ಹಿಂದೆ ಚಕ್ರಗಳ ಬದಲು ರೋಲರ್ ಇರುವುದರಿಂದ ಹೂವಿನ ಮಡಿಯ ಅಂಚಿನಲ್ಲಿಯೂ ಯಂತ್ರ ಕೆಳಗೆ ಜಾರದೆ ಸಾಗುತ್ತದೆ. ಬಳಿಕ ಬರುವ ಮೊದಲ ಸಾಲೇ ನಿಜವಾದ ಪರೀಕ್ಷೆ. ಕೂರಿಗೆ ಹಿಡಿದವನು ಕಾಲಬುಡವನ್ನು ನೋಡದೆ ಎದುರಿನ ಬದುವಿನ ಮೇಲೆ ಕಣ್ಣಿಟ್ಟು ನಡೆಯುವಂತೆ, ನೀವೂ ಆಚೆ ತುದಿಯ ಗಿಡವನ್ನೋ ಕಂಬವನ್ನೋ ಗುರುತಾಗಿಟ್ಟುಕೊಂಡು ಚಾಲನೆಯ ಲಿವರನ್ನು ಒತ್ತಿ ಹಿಡಿದು ಒಂದೇ ನಡಿಗೆಯಲ್ಲಿ ಸಾಗಬೇಕು. ಎಳೆಯುವ ಕೆಲಸ ಯಂತ್ರದ್ದು, ನೀವು ತಳ್ಳಲು ಹೋದರೆ ಸಾಲು ಸೊಟ್ಟಗಾಗುತ್ತದೆ.

ತುದಿ ಮುಟ್ಟಿದೊಡನೆ ಲಿವರ್ ಬಿಟ್ಟು, ಹಿಡಿಕೆಯನ್ನು ತುಸು ಕೆಳಗೊತ್ತಿ ಮುಂಭಾಗವನ್ನು ಎತ್ತಿ ತಿರುಗಿಸಿ, ಹಿಂದಿನ ಸಾಲಿನ ಮೇಲೆ ನಾಲ್ಕು ಬೆರಳಿನಷ್ಟು ಒತ್ತಿಬರುವಂತೆ ಮರುಸಾಲನ್ನು ಹಿಡಿಯಿರಿ. ಇಳಿಜಾರಿದ್ದರೆ ಮೇಲೆ ಕೆಳಗೆ ಹೋಗದೆ ಅಡ್ಡಲಾಗಿ ನಡೆಯಬೇಕು. ಎಲ್ಲ ಮುಗಿದ ಮೇಲೆ ಅಂಚಿನಲ್ಲಿ ಮತ್ತೊಂದು ಸುತ್ತು ಬಂದರೆ ತಿರುವಿನ ಗುರುತುಗಳು ಅಳಿಯುತ್ತವೆ. ಮುಂದಿನ ವಾರ ದಿಕ್ಕು ಬದಲಿಸಿ, ಇಲ್ಲವಾದರೆ ಹುಲ್ಲು ಒಂದೇ ಕಡೆಗೆ ಒರಗಿ ಬೆಳೆಯುತ್ತದೆ.

ತೊಳೆಯುವ ಮುನ್ನ ಸ್ಪಾರ್ಕ್ ಪ್ಲಗ್‌ನ ತಂತಿಯನ್ನು ತೆಗೆಯುವುದನ್ನು ಮರೆಯಬೇಡಿ. ಯಂತ್ರವನ್ನು ವಾಲಿಸುವಾಗ ಏರ್ ಫಿಲ್ಟರ್ ಮೇಲ್ಮುಖವಾಗಿರಲಿ. ಆಯಿಲ್ ಅದರೊಳಗೆ ಇಳಿದರೆ ಮರುದಿನ ಅಂಗಳವೆಲ್ಲ ಹೊಗೆ. ರೋಲರಿಗೆ ಮೆತ್ತಿದ ಮಣ್ಣನ್ನು ಹಸಿಯಿರುವಾಗಲೇ ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯಬೇಕು, ಒಣಗಿ ಗಟ್ಟಿಯಾದ ಒಂದೇ ಒಂದು ಹೆಂಟೆಯೂ ಮುಂದಿನ ಪಟ್ಟೆಯ ಉದ್ದಕ್ಕೂ ರೋಲರ್ ಉರುಳಿದಲ್ಲೆಲ್ಲ ಒಂದೊಂದು ಕುಳಿ ಒತ್ತುತ್ತಾ ಹೋಗುತ್ತದೆ.